ಡಬ್ಬಿಯ ಮೇಲಿನ ವೇಗ, ಕೈಯಲ್ಲಿರುವ ರಿವಾಲ್ವರ್

ಅಮೆರಿಕದ ಬಂದೂಕಿನ ಅಂಗಡಿಯಲ್ಲಿ .357 ಮ್ಯಾಗ್ನಂ ಕಾಡತೂಸಿನ ಡಬ್ಬಿ ಎತ್ತಿಕೊಂಡರೆ ಎರಡು ಅಂಕಿ ಮೊದಲು ಕಣ್ಣಿಗೆ ಬೀಳುತ್ತವೆ. ಗುಂಡಿನ ತೂಕ 125 ಗ್ರೇನ್, ಅಂದರೆ ಸುಮಾರು ಎಂಟು ಗ್ರಾಂ. ವೇಗ ಸೆಕೆಂಡಿಗೆ 1450 ಅಡಿ. ಗಿರಾಕಿ ಪಕ್ಕದ ಡಬ್ಬಿಯೊಂದಿಗೆ ತಾಳೆ ನೋಡುತ್ತಾನೆ, ಅಂಕಿ ಹೆಚ್ಚಿರುವುದನ್ನು ಕೊಂಡು ಹೋಗುತ್ತಾನೆ. ಅಂಕಿಯೇನೂ ಸುಳ್ಳಲ್ಲ. ಆದರೆ ಅದು ಕಂಪನಿಯ ಪರೀಕ್ಷಾ ನಳಿಗೆಯ ವೇಗ. ಗಿರಾಕಿಯ ಸೊಂಟದಲ್ಲಿರುವ ಗಿಡ್ಡ ರಿವಾಲ್ವರಿನದ್ದಲ್ಲ.

ಈ ಅಂಕಿಯ ಮೋಹ ಮ್ಯಾಗ್ನಂನ ಹುಟ್ಟಿನಿಂದಲೇ ಬಂದದ್ದು. 1935ರಲ್ಲಿ ಸ್ಮಿತ್ ಅಂಡ್ ವೆಸನ್ ಮತ್ತು ವಿಂಚೆಸ್ಟರ್ ಕಂಪನಿಗಳು ಇದನ್ನು ಹೊರತಂದಾಗ ಹೇಳಿಕೊಂಡ ವೇಗ 1500 ಅಡಿಗೂ ಹೆಚ್ಚು. ಅದು ಎಂಟೂ ಮುಕ್ಕಾಲು ಇಂಚಿನ ನಳಿಗೆಯಲ್ಲಿ ಅಳೆದದ್ದು. ಅಷ್ಟುದ್ದದ ಕೈಬಂದೂಕನ್ನು ಯಾವ ಪೊಲೀಸನೂ ದಿನವಿಡೀ ಕಟ್ಟಿಕೊಂಡು ತಿರುಗುವುದಿಲ್ಲ. ಈಚೆಗೆ ಕಂಪನಿಗಳು ನಾಲ್ಕಿಂಚಿನ ನಳಿಗೆಯಲ್ಲಿ, ರಿವಾಲ್ವರಿನಲ್ಲಿ ಇರುವಂಥದೇ ಸಂದಿ ಬಿಟ್ಟು ಅಳೆಯುತ್ತವೆ. ತಿರುಗುವ ಸಿಲಿಂಡರಿಗೂ ನಳಿಗೆಗೂ ನಡುವೆ ಇರುವ ಆ ಕೂದಲೆಳೆಯಷ್ಟು ಸಂದಿಯಲ್ಲಿ ಪ್ರತಿ ಸಲವೂ ಒಂದಷ್ಟು ಅನಿಲ ಸೋರಿ ಹೋಗುತ್ತದೆ. ನಳಿಗೆ ಎರಡಿಂಚಿಗೆ ಇಳಿದರೆ ನಷ್ಟ ಇನ್ನೂ ದೊಡ್ಡದು: ನಿಧಾನವಾಗಿ ಉರಿಯುವ ಮದ್ದು ಪೂರಾ ಕೆಲಸ ಮಾಡುವ ಮೊದಲೇ ಗುಂಡು ಹೊರಬಿದ್ದಿರುತ್ತದೆ, ಉಳಿದ ಮದ್ದು ನಳಿಗೆಯ ಬಾಯಲ್ಲಿ ಬೆಂಕಿಯ ಉಂಡೆಯಾಗುತ್ತದೆ. ವೇಗ ಸೆಕೆಂಡಿಗೆ ಇನ್ನೂರು ಅಡಿಗೂ ಹೆಚ್ಚು ಇಳಿಯುವುದುಂಟು. ಒದೆತ, ಸದ್ದು, ಕಣ್ಣು ಕೋರೈಸುವ ಬೆಳಕು ಮಾತ್ರ ಒಂದಿಷ್ಟೂ ಇಳಿಯುವುದಿಲ್ಲ. ಕಾಸು ಪೂರ್ತಿ, ಸರಕು ಮುಕ್ಕಾಲು.

ಮ್ಯಾಗ್ನಂನ ಹಿರಿಯಣ್ಣ .38 ಸ್ಪೆಷಲ್. ಎರಡರ ಗುಂಡಿನ ಅಡ್ಡಳತೆ ಒಂದೇ, ಒಂಬತ್ತು ಮಿಲಿಮೀಟರಿನ ಆಸುಪಾಸು. ಆದರೆ .38ರ ಒತ್ತಡದ ಮಿತಿ ಚದರ ಇಂಚಿಗೆ 17,000 ಪೌಂಡ್, ಮ್ಯಾಗ್ನಂನದ್ದು 35,000. ಹಳೆಯ ರಿವಾಲ್ವರಿಗೆ ಯಾರಾದರೂ ಇದನ್ನು ತುಂಬಿ ಕೈ ಸುಟ್ಟುಕೊಂಡಾರೆಂದು ಮ್ಯಾಗ್ನಂನ ಹಿತ್ತಾಳೆ ಕೋಶವನ್ನು ಮೂರು ಮಿಲಿಮೀಟರಿನಷ್ಟು ಉದ್ದ ಮಾಡಿದರು. ಹಾಗಾಗಿ .38 ಬಂದೂಕಿನೊಳಗೆ ಮ್ಯಾಗ್ನಂ ಕೂರುವುದಿಲ್ಲ, ಮ್ಯಾಗ್ನಂ ಬಂದೂಕಿನೊಳಗೆ .38 ಸಲೀಸಾಗಿ ಕೂರುತ್ತದೆ. ಮ್ಯಾಗ್ನಂ ರಿವಾಲ್ವರ್ ಇಟ್ಟುಕೊಂಡವರು ಯಾವ ಕಾಡತೂಸು ತುಂಬಬೇಕೆಂಬ ಮುಗಿಯದ ಜಗಳ ಶುರುವಾಗಿದ್ದೇ ಇಲ್ಲಿಂದ.

ಆ ಜಗಳಕ್ಕೆ ತುಪ್ಪ ಸುರಿದದ್ದು 1986ರ ಏಪ್ರಿಲ್ 11ರ ಮಯಾಮಿ ಘಟನೆ. ಬ್ಯಾಂಕ್ ದರೋಡೆಕೋರರಾದ ಮೈಕೆಲ್ ಪ್ಲಾಟ್ ಮತ್ತು ವಿಲಿಯಂ ಮ್ಯಾಟಿಕ್ಸ್‌ರನ್ನು ಎಫ್‌ಬಿಐ ತಂಡ ಅಡ್ಡಗಟ್ಟಿತು. ಏಜೆಂಟರ 9 ಎಂಎಂ ಗುಂಡೊಂದು ಪ್ಲಾಟ್‌ನ ಬಲತೋಳನ್ನು ತೂರಿ ಎದೆಗೆ ಹೊಕ್ಕು, ಹೃದಯ ಮುಟ್ಟುವ ಮೊದಲೇ ನಿಂತುಬಿಟ್ಟಿತು. ಬದುಕಲಾರದಷ್ಟು ಗಾಯವಾಗಿದ್ದರೂ ಅವನು ಗುಂಡು ಹಾರಿಸುತ್ತಲೇ ಇದ್ದ. ಇಬ್ಬರು ಏಜೆಂಟರು ಸತ್ತರು, ಐವರು ಗಾಯಗೊಂಡರು. ಕಡೆಗೆ ಕಾಳಗ ಮುಗಿಸಿದ್ದು ಒಂದು ಕೈ ಜಜ್ಜಿಹೋಗಿದ್ದ ಏಜೆಂಟ್ ಎಡ್ಮಂಡೊ ಮಿರೆಲಿಸ್ ಹಿಡಿದಿದ್ದ .357 ಮ್ಯಾಗ್ನಂ ರಿವಾಲ್ವರ್. ಮ್ಯಾಗ್ನಂ ಅಭಿಮಾನಿಗಳು ಇದನ್ನು ಹೆಮ್ಮೆಯಿಂದ ಹೇಳುತ್ತಾರೆ. ಅದರೊಳಗೆ ತುಂಬಿದ್ದದ್ದು ಮ್ಯಾಗ್ನಂ ಅಲ್ಲ, ಸ್ವಲ್ಪ ಜೋರಾದ .38 ಸ್ಪೆಷಲ್ ಎಂಬುದನ್ನು ಹೇಳಲು ಹಲವರು ಮರೆಯುತ್ತಾರೆ.

ತಪ್ಪು ಏಜೆಂಟರದೋ ಯೋಜನೆಯದೋ ಎಂಬ ಚರ್ಚೆ ಬೇರೆಯೇ ನಡೆಯಿತು. ಎಫ್‌ಬಿಐ ಮಾತ್ರ ಗುಂಡನ್ನು ಪರೀಕ್ಷೆಗೆ ಕೂರಿಸಿತು. ಅದಕ್ಕೆ ಬೇಕಾದ ಬುನಾದಿ ಹಾಕಿದ್ದವರು ಸೇನೆಯ ಶಸ್ತ್ರವೈದ್ಯ ಮಾರ್ಟಿನ್ ಫ್ಯಾಕ್ಲರ್. ಮೈಮಾಂಸದ ಬದಲಿಗೆ ಒಂದು ಪಾಲು ಜಿಲೆಟಿನ್ ಪುಡಿಗೆ ಒಂಬತ್ತು ಪಾಲು ನೀರು ಬೆರೆಸಿ ಅಚ್ಚು ಹಾಕಿ, 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ತಣ್ಣಗಿಡುತ್ತಾರೆ. ಮೊದಲು ಏರ್‌ಗನ್ನಿನ ಉಕ್ಕಿನ ಚಿಕ್ಕ ಗೋಲಿಯನ್ನು ಸೆಕೆಂಡಿಗೆ 590 ಅಡಿ ವೇಗದಲ್ಲಿ ಹೊಡೆದು ನೋಡುತ್ತಾರೆ. ಅದು ಎಂಟೂವರೆ ಸೆಂಟಿಮೀಟರ್ ಆಸುಪಾಸಿನಲ್ಲಿ ನಿಲ್ಲಬೇಕು, ಇಲ್ಲದಿದ್ದರೆ ಆ ಅಚ್ಚು ಲೆಕ್ಕಕ್ಕಿಲ್ಲ. ಆಮೇಲೆ ಅಸಲಿ ಗುಂಡು. ಮುಂದೆ ಒಮ್ಮೆ ದಪ್ಪ ಬಟ್ಟೆ, ಒಮ್ಮೆ ಪ್ಲೈವುಡ್, ಒಮ್ಮೆ ತಗಡು, ಒಮ್ಮೆ ಕಾರಿನ ಗಾಜು. ಗುಂಡು 12ರಿಂದ 18 ಇಂಚಿನೊಳಗೆ ನಿಲ್ಲಬೇಕೆಂಬುದು ಅಳತೆಗೋಲು. ಮೂತಿ ಟೊಳ್ಳಾದ ಗುಂಡು ಬರಿಯ ಜಿಲೆಟಿನ್‌ನಲ್ಲಿ ಅಂದವಾಗಿ ಅರಳುತ್ತದೆ. ಅದೇ ಗುಂಡಿನ ಬಾಯಿಗೆ ಬಟ್ಟೆ ತುರುಕಿಕೊಂಡರೆ ಅರಳದೆ ಗಟ್ಟಿ ಗುಂಡಿನಂತೆ ನೆಟ್ಟಗೆ ಹೋಗಿಬಿಡುತ್ತದೆ. ಡಬ್ಬಿಯ ಅಂಕಿ ಇದನ್ನು ಹೇಳುವುದಿಲ್ಲ. ಜಿಲೆಟಿನ್ನಿಗೆ ಎಲುಬಿಲ್ಲ, ಭಯವಿಲ್ಲ, ರೋಷವಿಲ್ಲ ಎಂಬುದೂ ನಿಜ. ಎರಡು ಗುಂಡನ್ನು ಒಂದೇ ತಕ್ಕಡಿಯಲ್ಲಿ ತೂಗಲು ಮಾತ್ರ ಇದಕ್ಕಿಂತ ನಂಬಿಕೆಯ ಸಾಧನವಿಲ್ಲ.

ತಕ್ಕಡಿಯೇ ಬೇಡ, ಬೀದಿಯ ಲೆಕ್ಕ ಕೊಡಿ ಎಂದವರೂ ಇದ್ದರು. ಡೆಟ್ರಾಯಿಟ್ ಪೊಲೀಸ್ ಇಲಾಖೆಯಲ್ಲಿದ್ದ ಇವಾನ್ ಮಾರ್ಷಲ್, ಎಡ್ ಸಾನೋ ಜತೆ ಸೇರಿ 1992ರಲ್ಲಿ ಪುಸ್ತಕ ತಂದರು. ನಿಜವಾದ ಗುಂಡೇಟಿನ ಪ್ರಕರಣಗಳನ್ನು ಗುಡ್ಡೆ ಹಾಕಿ, ಒಂದೇ ಏಟಿಗೆ ಎದುರಾಳಿ ಸುಮ್ಮನಾದ ಪ್ರಮಾಣವನ್ನು ಶೇಕಡಾವಾರು ಕೊಟ್ಟರು. 125 ಗ್ರೇನ್ ಮ್ಯಾಗ್ನಂಗೆ ಸಿಕ್ಕಿದ್ದು ಶೇ 96. ಆ ಅಂಕಿ ಇವತ್ತಿಗೂ ಅಂಗಡಿಯ ಕಟ್ಟೆಗಳ ಮೇಲೆ ಓಡಾಡುತ್ತಿದೆ. ಲೆಕ್ಕದ ಬುಡದಲ್ಲೇ ಹುಳುಕಿದೆ: ಎರಡನೇ ಗುಂಡು ತಗುಲಿದ ಪ್ರಕರಣಗಳನ್ನು ಪಟ್ಟಿಯಿಂದ ಹೊರಗಿಟ್ಟಿದ್ದರು. ಮೊದಲನೆಯದು ಸಾಲದೆ ಇದ್ದುದರಿಂದಲೇ ತಾನೇ ಎಷ್ಟೋ ಸಲ ಎರಡನೆಯದು ಹಾರುವುದು! ಫೇಲಾದವರ ಉತ್ತರ ಪತ್ರಿಕೆ ಎತ್ತಿಟ್ಟು ಫಲಿತಾಂಶ ಪ್ರಕಟಿಸಿದ ಹಾಗಾಯಿತು. ಫ್ಯಾಕ್ಲರ್ ಬಳಗ ಇದನ್ನು ಜಾಡಿಸಿತು. ನನ್ನ ಮಟ್ಟಿಗೆ ಆ 96 ಮಾರಾಟದ ಅಂಕಿ, ವಿಜ್ಞಾನದ್ದಲ್ಲ.

ಹೊಡೆಯುವವನ ಕೈಯ ವಿಚಾರ ಡಬ್ಬಿಯಲ್ಲೂ ಇಲ್ಲ, ಜಿಲೆಟಿನ್‌ನಲ್ಲೂ ಇಲ್ಲ. 1970ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯೂಹಾಲ್‌ನಲ್ಲಿ ಹೆದ್ದಾರಿ ಗಸ್ತಿನ ನಾಲ್ವರು ಪೊಲೀಸರು ಒಂದೇ ರಾತ್ರಿ ಗುಂಡೇಟಿಗೆ ಸತ್ತರು. ತರಬೇತಿಯಲ್ಲಿ ಹಾರಿಸಿದ್ದು ಮೆತ್ತಗಿನ .38, ಆ ರಾತ್ರಿ ಬಳಸಿದ್ದು ಒದೆಯುವ ಮ್ಯಾಗ್ನಂ. ಆಮೇಲೆ ಇಲಾಖೆ ಅಭ್ಯಾಸಕ್ಕೂ ಕೆಲಸಕ್ಕೂ .38 ಅನ್ನೇ ಗೊತ್ತುಮಾಡಿತು. ದಿನಾ ಮ್ಯಾಗ್ನಂ ಹಾರಿಸುವುದೂ ಪುಕ್ಕಟೆಯಲ್ಲ. ಹಗುರ 125 ಗ್ರೇನ್ ಗುಂಡಿನ ಹಿಂದೆ ನುಗ್ಗುವ ಬಿಸಿ ಅನಿಲ ಸ್ಮಿತ್ ಕಂಪನಿಯ 19ನೇ ಮಾದರಿಯ ನಳಿಗೆಯ ಬುಡವನ್ನು ಬಿರುಕು ಬಿಡಿಸಿದ ಉದಾಹರಣೆಗಳು ಬೇಕಾದಷ್ಟಿವೆ. 1980ರ ದಶಕದಲ್ಲಿ ಬಂದ ಅದೇ ಕಂಪನಿಯ ದಪ್ಪ ಚೌಕಟ್ಟಿನ ರಿವಾಲ್ವರುಗಳು ಇದನ್ನು ತಡೆದುಕೊಂಡವು.

ನಮ್ಮಲ್ಲಿ ಲೈಸೆನ್ಸ್ ಪಡೆದವರ ಕೈಗೆ ಸಾಮಾನ್ಯವಾಗಿ ಬರುವುದು ಕಾನ್ಪುರದ ಕಾರ್ಖಾನೆಯ .32 ರಿವಾಲ್ವರ್, ಅವರಿಗೆ ಮ್ಯಾಗ್ನಂ ಕ್ಲಿಂಟ್ ಈಸ್ಟ್‌ವುಡ್ ಸಿನಿಮಾದ ಸರಕು, ಅದೂ ಇದಕ್ಕಿಂತ ದೊಡ್ಡದಾದ .44. ಅಮೆರಿಕದಲ್ಲಿ ನೆಲೆಸಿ ಮೊದಲ ರಿವಾಲ್ವರ್ ಕೊಳ್ಳಲು ಹೊರಟ ಕನ್ನಡಿಗರಿಗೆ ಹೇಳುವುದಾದರೆ, ಜೇಬಿಗಿಳಿಯುವ ಟೈಟಾನಿಯಂ ಬಂದೂಕಿನ ನಳಿಗೆಯ ಮೇಲೆ ಕೊರೆದದ್ದನ್ನು ಓದಿ. 120 ಗ್ರೇನಿಗಿಂತ ಹಗುರ ಗುಂಡು ಬೇಡ ಎಂದು ಕೆಲವುಗಳಲ್ಲಿ ಬರೆದೇ ಇರುತ್ತದೆ. ಹಾಗೆಂದು ತೀರಾ ಭಾರದ್ದನ್ನು ತುಂಬಿದರೆ ಇನ್ನೊಂದು ಪೀಕಲಾಟ: ಒದೆತದ ಜೋರಿಗೆ ಇನ್ನೂ ಹಾರದ ಕಾಡತೂಸುಗಳ ಗುಂಡು ಕೋಶದಿಂದ ಮುಂದೆ ಸರಿದು ಸಿಲಿಂಡರ್ ತಿರುಗದಂತೆ ಹಿಡಿದುಬಿಡುತ್ತದೆ. ಪರೀಕ್ಷೆ ಸುಲಭ. ಕಡೆಯ ಕಾಡತೂಸಿನ ಉದ್ದವನ್ನು ಮೊದಲೇ ಕ್ಯಾಲಿಪರ್‌ನಲ್ಲಿ ಅಳೆದಿಟ್ಟುಕೊಂಡು, ಉಳಿದವನ್ನು ಗುರಿಹಲಗೆಗೆ ಹಾರಿಸಿ, ಅದನ್ನು ಹೊರತೆಗೆದು ಮತ್ತೆ ಅಳೆಯಿರಿ. ಉದ್ದ ಕಣ್ಣಿಗೆ ಕಾಣುವಷ್ಟು ಬೆಳೆದಿದ್ದರೆ ಆ ಡಬ್ಬಿ ನಿಮ್ಮ ರಿವಾಲ್ವರಿಗೆ ಸಲ್ಲದು.