ಪಂಜರದ ವಾನರವೂ ಪ್ರೇಕ್ಷಕನ ಕ್ಯಾಮರಾವೂ

ಛಾಯಾಚಿತ್ರವು ಸುಳ್ಳು ಹೇಳಲಾರದೆಂಬ ನಂಬಿಕೆ ಜನರಲ್ಲಿ ಬಲವಾಗಿ ಬೇರೂರಿರುವುದು. ಕಂಡುದನ್ನು ಕಂಡಂತೆ ಹಿಡಿಯುವ ಯಂತ್ರಕ್ಕೆ ಪಕ್ಷಪಾತವೆಲ್ಲಿಯದು ಎಂದು ಕೇಳುವವರುಂಟು. ಆದರೆ ಯಂತ್ರವು ಹಿಡಿಯುವುದು ರೂಪವನ್ನು ಮಾತ್ರ. ಆ ರೂಪಕ್ಕೆ ಅರ್ಥ ಕಟ್ಟುವವನು ಮನುಷ್ಯನು. ಅರ್ಥವನ್ನರಿಯದೆ ತೆಗೆದ ಚಿತ್ರದಿಂದ ಎಷ್ಟು ಅನರ್ಥವಾಗಬಲ್ಲುದೆಂಬುದನ್ನು ಮೃಗಾಲಯಗಳಲ್ಲಿರುವ ಗೊರಿಲ್ಲಾ, ಚಿಂಪಾಂಜಿ, ಬೊನೊಬೊ, ಒರಾಂಗುಟಾನ್ ಎಂಬ ಮಹಾವಾನರಗಳ ಚಿತ್ರಗಳಿಂದ ತಿಳಿಯಬಹುದು. ಇಂದು ಪ್ರತಿಯೊಬ್ಬ ಪ್ರೇಕ್ಷಕನ ಜೇಬಿನಲ್ಲಿಯೂ ಕ್ಯಾಮರಾ ಇರುವುದರಿಂದ ಈ ವಿಷಯವನ್ನು ನಮ್ಮ ವಾಚಕರ ಮುಂದಿಡುವುದು ಉಚಿತವೆಂದು ಭಾವಿಸಿದ್ದೇವೆ.

ಮೊದಲು ನಗೆಯ ವಿಚಾರ. 1961ನೆಯ ಇಸವಿ ಜನವರಿ 31ರಂದು ಅಮೆರಿಕದವರು ಹ್ಯಾಮ್ ಎಂಬ ಎಳೆಯ ಚಿಂಪಾಂಜಿಯೊಂದನ್ನು ರಾಕೆಟ್ಟಿನಲ್ಲಿ ಕೂಡಿಸಿ ಅಂತರಿಕ್ಷಕ್ಕೆ ಹಾರಿಸಿದರು. ಸುಮಾರು 16 ನಿಮಿಷಗಳ ಯಾನದ ಬಳಿಕ ಅದನ್ನು ಸಮುದ್ರದಿಂದ ಜೀವಂತವಾಗಿ ಎತ್ತಿ ತಂದರು. ಹಲ್ಲು ಕಿರಿದ ಅದರ ಮುಖದ ಚಿತ್ರಗಳನ್ನು ನೋಡಿದವರು, ಪ್ರಾಣಿಯು ಪ್ರಯಾಣದಿಂದ ಹರ್ಷಗೊಂಡಿದೆಯೆಂದೇ ತಿಳಿದರು. ಟಾಂಜಾನಿಯಾ ದೇಶದ ಗೋಂಬೆ ಅರಣ್ಯದಲ್ಲಿ 1960ರಿಂದ ಚಿಂಪಾಂಜಿಗಳ ನಡೆನುಡಿಯನ್ನು ಅಭ್ಯಸಿಸಿದ ಜೇನ್ ಗುಡಾಲ್ ಅವರು ಮುಂದೆ ಆ ಚಿತ್ರಗಳನ್ನು ನೋಡಿ, ಅದು ಅತಿಶಯವಾದ ಭೀತಿಯ ಮುಖವೆಂದು ತಿಳಿಸಿದರು. ಚಿಂಪಾಂಜಿಯು ತುಟಿಗಳನ್ನು ಹಿಂದಕ್ಕೆಳೆದು ಎರಡು ಸಾಲು ಹಲ್ಲುಗಳನ್ನೂ ತೋರಿಸುವುದು ಬಹುಮಟ್ಟಿಗೆ ಹೆದರಿಕೆಯ ಇಲ್ಲವೆ ಶರಣಾಗತಿಯ ಗುರುತು. ಅದು ನಿಜವಾಗಿ ನಲಿದಾಡುವಾಗ ಬಾಯಿ ಸಡಿಲವಾಗಿ ತೆರೆದಿದ್ದು, ಮೇಲಿನ ಹಲ್ಲುಗಳು ಸಾಮಾನ್ಯವಾಗಿ ತುಟಿಯ ಮರೆಯಲ್ಲಿರುವುವು. ಹಾಗಾದರೆ ನಕ್ಕ ಚಿಂಪಾಂಜಿಯೆಂದು ನಾವು ಮೆಚ್ಚಿದ ಎಷ್ಟು ಚಿತ್ರಗಳು ನಡುಗುವ ಪ್ರಾಣಿಯ ಚಿತ್ರಗಳಾಗಿರಬೇಕು!

ನೋಟದ ವಿಚಾರವೂ ಹೀಗೆಯೇ. ಗೊರಿಲ್ಲಾಗಳಲ್ಲಿ ಎವೆಯಿಕ್ಕದೆ ದಿಟ್ಟಿಸುವುದು ಕಾಳಗಕ್ಕೆ ಕರೆದಂತೆ. ಹಾಲೆಂಡಿನ ರಾಟರ್‌ಡ್ಯಾಮ್ ಮೃಗಾಲಯಕ್ಕೆ ಪದೇಪದೇ ಬಂದು, ಬೊಕಿಟೊ ಎಂಬ ಗಂಡು ಗೊರಿಲ್ಲಾವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿ ನಗುತ್ತಿದ್ದ ಒಬ್ಬ ಮಹಿಳೆ, ಅದೂ ತನ್ನನ್ನು ನೋಡಿ ನಗುವುದೆಂದು ನಂಬಿದ್ದಳು. 2007ರ ಮೇ 18ರಂದು ಅದು ಕಂದಕವನ್ನು ದಾಟಿ ಬಂದು ಆಕೆಯನ್ನು ಘೋರವಾಗಿ ಗಾಯಗೊಳಿಸಿತು. ಆ ಬಳಿಕ, ಧರಿಸಿದವರ ದೃಷ್ಟಿ ಪಕ್ಕಕ್ಕೆ ಹೊರಳಿದಂತೆ ಕಾಣುವ ಕಾಗದದ ಕನ್ನಡಕಗಳನ್ನು ಪ್ರೇಕ್ಷಕರಿಗೆ ಹಂಚಲಾಯಿತಂತೆ. ಕ್ಯಾಮರಾದ ಗಾಜು ಸಹ ಒಂದು ದೊಡ್ಡ ಕಣ್ಣೇ ಎಂಬುದನ್ನು ಚಿತ್ರ ತೆಗೆಯುವವರು ಮರೆಯಬಾರದು.

ಇನ್ನು ವೇಷದ ವಿಚಾರ. ಲಂಡನ್ ಮೃಗಾಲಯದಲ್ಲಿ 1926ರಿಂದ 1972ರವರೆಗೆ ಚಿಂಪಾಂಜಿಗಳನ್ನು ಮೇಜಿನ ಮುಂದೆ ಕೂಡಿಸಿ ಚಹಾಕೂಟ ನಡೆಸಿ ಜನರನ್ನು ನಗಿಸುತ್ತಿದ್ದರು. ಇದು ನಿರಪಾಯವಾದ ವಿನೋದವಲ್ಲವೆ ಎಂದು ಕೇಳಬಹುದು. 2011ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನವು ಇದಕ್ಕೆ ಉತ್ತರ ಹೇಳಿದೆ. ಚಿಂಪಾಂಜಿಯ ಪಕ್ಕದಲ್ಲಿ ಮನುಷ್ಯನು ನಿಂತಿರುವ ಚಿತ್ರವನ್ನು ಕಂಡವರು, ಕಾಡಿನಲ್ಲಿ ಆ ಪ್ರಾಣಿಗಳು ಕ್ಷೇಮವಾಗಿವೆಯೆಂದೂ ಅವುಗಳನ್ನು ಮನೆಯಲ್ಲಿ ಸಾಕಿದರೆ ಚೆನ್ನವೆಂದೂ ಭಾವಿಸುವುದು ಹೆಚ್ಚೆಂದು ಅದರಿಂದ ತಿಳಿದುಬಂದಿತು. ಯಥಾರ್ಥವೇನು? ಮಹಾವಾನರಗಳ ಪ್ರತಿಯೊಂದು ಜಾತಿಯೂ ಇಂದು ಅಳಿವಿನ ಅಂಚಿನ ಪಟ್ಟಿಯಲ್ಲಿರುವುದು. ನಗಿಸುವ ಚಿತ್ರವು ಕಾಪಾಡಬೇಕಾದವರ ಕಣ್ಣಿಗೆ ಮಂಕು ಕವಿಸುವುದಾದರೆ ಅದನ್ನು ನಿರಪಾಯವೆನ್ನುವುದು ಹೇಗೆ?

ಹಾಗೆಂದು, ಸೆರೆಯಲ್ಲಿರುವ ಪ್ರಾಣಿಯಲ್ಲಿ ಸಹಜಸ್ವಭಾವವೇ ಕಾಣದೆಂಬ ವಾದವನ್ನು ನಾವು ಒಪ್ಪುವುದಿಲ್ಲ. ಹಾಲೆಂಡಿನ ಆರ್ನ್‌ಹೆಮ್ ಮೃಗಾಲಯದಲ್ಲಿ 1971ರಲ್ಲಿ ಚಿಂಪಾಂಜಿಗಳ ದೊಡ್ಡ ಗುಂಪೊಂದನ್ನು ವಿಶಾಲವಾದ ಬಯಲಿನಲ್ಲಿ ಬಿಟ್ಟರು. ಫ್ರಾನ್ಸ್ ಡಿ ವಾಲ್ ಎಂಬ ವಿಜ್ಞಾನಿ ಅಲ್ಲಿ ವರ್ಷಗಟ್ಟಲೆ ಕುಳಿತು ನೋಡಿದರು. ಚಿತ್ರಗಳನ್ನೂ ತಾವೇ ತೆಗೆದರು. ಜಗಳವಾಡಿದ ಎರಡು ಚಿಂಪಾಂಜಿಗಳು ಸ್ವಲ್ಪ ಹೊತ್ತಿನಲ್ಲಿಯೇ ಕೈಚಾಚಿ, ಅಪ್ಪಿ, ಮುತ್ತಿಟ್ಟು ರಾಜಿಯಾಗುವುವೆಂಬುದು ಲೋಕಕ್ಕೆ ಸ್ಪಷ್ಟವಾಗಿ ತಿಳಿದುದು ಈ ತಾಳ್ಮೆಯಿಂದ. 1986ರಲ್ಲಿ ಜರ್ಸಿ ದ್ವೀಪದ ಮೃಗಾಲಯದಲ್ಲಿ ಗೊರಿಲ್ಲಾಗಳ ಆವರಣಕ್ಕೆ ಬಿದ್ದು ಮೂರ್ಛೆಹೋದ ಬಾಲಕನ ಬಳಿ ಜಂಬೊ ಎಂಬ ಗಂಡು ಗೊರಿಲ್ಲಾ ಕಾವಲು ನಿಂತು ಅವನ ಬೆನ್ನನ್ನು ಸವರಿತು. ಪ್ರೇಕ್ಷಕರೊಬ್ಬರು ತೆಗೆದ ಅದರ ಚಲಚ್ಚಿತ್ರವು, ಗೊರಿಲ್ಲಾ ಎಂದರೆ ರಾಕ್ಷಸನೆಂಬ ಹಳೆಯ ಕಲ್ಪನೆಯನ್ನು ಬಹುಜನರ ಮನಸ್ಸಿನಿಂದ ತೊಡೆದುಹಾಕಿತು. ಕ್ಯಾಮರಾ ನಿಜವನ್ನೂ ಹೇಳಬಲ್ಲುದೆಂಬುದಕ್ಕೆ ಇದೇ ಸಾಕ್ಷಿ.

ಆದರೆ ಆ ನಿಜದಲ್ಲಿ ಸೆರೆಯೂ ಸೇರಿರಬೇಕು. ಕೂತಲ್ಲಿಯೇ ತೂಗಾಡುವುದು, ಮೈಗೂದಲನ್ನು ಕಿತ್ತುಕೊಳ್ಳುವುದು, ನುಂಗಿದ ಆಹಾರವನ್ನು ಕಕ್ಕಿ ಮರಳಿ ತಿನ್ನುವುದು, ಇವು ಬೇಸರದಿಂದಲೂ ಬಂಧನದಿಂದಲೂ ಹುಟ್ಟುವ ವಿಕಾರಗಳು. ಇವುಗಳನ್ನು ಚೇಷ್ಟೆಯೆಂದು ಬಗೆದು ಪ್ರಕಟಿಸುವುದು ಅನ್ಯಾಯ. ನಮ್ಮ ಮೈಸೂರು ಮೃಗಾಲಯದಲ್ಲಿದ್ದ ಪೋಲೋ ಎಂಬ ಗೊರಿಲ್ಲಾ ಹಲವು ವರ್ಷ ಸಂಗಾತಿಯಿಲ್ಲದೆ ಬಾಳಿ 2014ರಲ್ಲಿ ಮೃತವಾಯಿತು. ಅದರ ಗಂಭೀರವಾದ ಮುಖವನ್ನು ಚಿತ್ರದಲ್ಲಿ ಕಂಡು ಏಕಾಂತಪ್ರಿಯ ಋಷಿಯೆಂದು ತಿಳಿಯುವುದು ಸುಲಭ. ಗೊರಿಲ್ಲಾವಾದರೋ ಕಾಡಿನಲ್ಲಿ ಕುಟುಂಬಸ್ಥ ಪ್ರಾಣಿ. ಒಂಟಿತನವು ಅದಕ್ಕೆ ಮನುಷ್ಯನು ವಿಧಿಸಿದ ಸ್ಥಿತಿ. 2021ರಲ್ಲಿ ಜರ್ಮನಿಯಿಂದ ಎರಡು ಗಂಡು ಗೊರಿಲ್ಲಾಗಳು ಜೊತೆಯಾಗಿಯೇ ಅಲ್ಲಿಗೆ ಬಂದುದು ಸಮಾಧಾನದ ಸಂಗತಿ.

ಮೃಗಾಲಯಕ್ಕೆ ಹೋಗುವ ನಮ್ಮ ವಾಚಕರು ಕೆಲವು ನಿಯಮಗಳನ್ನು ಪಾಲಿಸಲಿ. ಗಾಜನ್ನು ತಟ್ಟುವುದು, ಸಿಳ್ಳು ಹಾಕುವುದು, ತಿಂಡಿ ಎಸೆಯುವುದು ಬೇಡ. ಮಿಂಚಿನ ದೀಪವನ್ನು ಆರಿಸಿಡಬೇಕು. ಕ್ಯಾಮರಾದ ಮೂತಿಯನ್ನು ಗಾಜಿಗೆ ಮೆಲ್ಲಗೆ ತಾಗಿಸಿ ಹಿಡಿದರೆ ಪ್ರತಿಬಿಂಬ ಬೀಳದು. ಒಂದು ಕಡೆ ಕುಳಿತು, ದೃಷ್ಟಿಯನ್ನು ಆಗಾಗ ಪಕ್ಕಕ್ಕೆ ಸರಿಸಿ, ಒಂದು ಗಂಟೆಯಾದರೂ ಕಾಯಬೇಕು. ತಾಯಿ ಮರಿಯ ಕೂದಲು ಬಿಡಿಸುವುದು, ಒರಾಂಗುಟಾನ್ ಸೊಪ್ಪನ್ನು ಹಾಸಿ ಮಲಗಲು ಅಣಿಮಾಡಿಕೊಳ್ಳುವುದು, ಇಂಥವು ಕರೆದರೆ ಬಾರವು, ಕಾದರೆ ಬಂದಾವು. ಚಿತ್ರದ ಅಂದಕ್ಕಾಗಿ ಸರಳುಗಳನ್ನು ಮರೆಮಾಡಿದರೆ ದೋಷವಿಲ್ಲ. ಆದರೆ ಕೆಳಗೆ ಬರೆಯುವ ಒಕ್ಕಣೆಯಲ್ಲಿ ಪ್ರಾಣಿ ಯಾವುದು, ಯಾವ ಮೃಗಾಲಯದ್ದು, ಏನು ಮಾಡುತ್ತಿತ್ತು ಎಂಬುದನ್ನು ತಪ್ಪದೆ ತಿಳಿಸಬೇಕು.

ಬಾಯಿಲ್ಲದ ಬಂದಿಯ ಪರವಾಗಿ ಹೊರಗೆ ಬರುವ ಸಾಕ್ಷ್ಯವು ಅದರ ಚಿತ್ರವೊಂದೇ. ಅದನ್ನು ಹೊತ್ತು ತರುವವರು ಸುಳ್ಳು ಸಾಕ್ಷಿಯಾಗದಿರಲೆಂಬುದೇ ನಮ್ಮ ಬಿನ್ನಹ.