ನಿಮಗಿದು ಗೊತ್ತೇ? ಹರಕೆಯ ಕೂಸು ಹಾಡುಗಾರನಾಗುವ ದಾರಿ

ಚಾಮರಾಜನಗರ ತಾಲ್ಲೂಕಿನ ಕುದೇರು ಅಂದರೆ ಇವತ್ತು ಹಲವರಿಗೆ ಥಟ್ಟನೆ ನೆನಪಾಗುವುದು ಹಾಲಿನ ಡೇರಿ. ಆದರೆ ಡೇರಿ ಬರುವುದಕ್ಕೆ ಎಷ್ಟೋ ತಲೆಮಾರು ಮುಂಚೆಯೇ ಈ ಸೀಮೆ ತಂಬೂರಿ ಮತ್ತು ಕಂಸಾಳೆಯ ದನಿಗೆ ಕಿವಿಗೊಟ್ಟಿತ್ತು. ಇಲ್ಲಿ ಹಾಡುಗಾರಿಕೆ ಶುರುವಾಗುವುದು ಸಂಗೀತ ಶಾಲೆಯಲ್ಲಲ್ಲ, ದೇವರ ಮುಂದೆ.

◆ ಮಲೆ ಮಹದೇಶ್ವರನಿಗೆ ಹರಕೆ ಹೊತ್ತವರು ಮನೆಯ ಗಂಡುಮಗುವೊಂದನ್ನು 'ದೇವರಗುಡ್ಡ'ನಾಗಿ ಬಿಡುವ ಪದ್ಧತಿ ಇಲ್ಲಿದೆ. ಗುರುವಿನಿಂದ ದೀಕ್ಷೆ ಪಡೆದವನಿಗೆ ರುದ್ರಾಕ್ಷಿ, ಜೋಳಿಗೆ, ಬೆತ್ತ, ಕಂಸಾಳೆಗಳೇ ಆಸ್ತಿ. ಮಾದಪ್ಪನ, ಅಂದರೆ ಮಹದೇಶ್ವರನ, ಪದ ಹಾಡಿ ಭಿಕ್ಷೆ ಬೇಡುವುದು ಅವನ ಜೀವಮಾನದ ವ್ರತ.

◆ ಮಂಟೇಸ್ವಾಮಿ ಮತ್ತು ಆತನ ಶಿಷ್ಯ ಸಿದ್ಧಪ್ಪಾಜಿಯ ಒಕ್ಕಲಿನವರಲ್ಲಿ ಹೀಗೆ ದೀಕ್ಷೆ ಪಡೆದವರು 'ನೀಲಗಾರರು'. ಇವರಲ್ಲಿ ಬಹುಪಾಲು ಜನ ದಲಿತ ಮತ್ತು ಹಿಂದುಳಿದ ಸಮುದಾಯದವರು. ಬನದ ಹುಣ್ಣಿಮೆಯಿಂದ ಐದು ದಿನ ನಡೆಯುವ ಚಿಕ್ಕಲ್ಲೂರು ಜಾತ್ರೆ ಇವರ ದೊಡ್ಡ ಹಬ್ಬ.

◆ 'ಕಂಸಾಳೆ' ಅಂದರೆ ಕಂಚಿನ ತಾಳ. ಆದರೆ ಜೋಡಿಯ ಎರಡೂ ತಾಳಗಳು ಒಂದೇ ರೂಪದವಲ್ಲ! ಎಡಗೈಯದು ಬಟ್ಟಲಿನ ಹಾಗೆ ಗುಳಿಬಿದ್ದದ್ದು. ಬಲಗೈಯದು ಚಪ್ಪಟೆ, ಅದಕ್ಕೆ ಹೆಣೆದ ದಾರ, ತುದಿಯಲ್ಲಿ ಗೊಂಡೆ. ಆ ದಾರ ಹಿಡಿದು ಬೀಸಿ, ತಲೆಯ ಮೇಲೆ, ಬೆನ್ನ ಹಿಂದೆ, ಕಾಲ ಸಂದಿಯಲ್ಲಿ ತಾಳ ತಪ್ಪದೆ ಬಡಿಯುವುದೇ ಬೀಸು ಕಂಸಾಳೆ.

◆ ನೀಲಗಾರರ ಮುಖ್ಯ ಗಾಯಕನ ಎರಡು ಕೈಗೂ ಬಿಡುವಿಲ್ಲ. ಒಂದು ಕೈ ಹೆಗಲಿಗೆ ಆನಿಸಿದ ತಂಬೂರಿ ಮೀಟುತ್ತಿದ್ದರೆ ಇನ್ನೊಂದು ಕೈ ಗಗ್ಗರ ಅಲುಗಿಸುತ್ತಿರುತ್ತದೆ. ಗಗ್ಗರ ಅಂದರೆ ಒಳಗೆ ಹರಳು ತುಂಬಿದ ಟೊಳ್ಳು ಲೋಹದ ಬಳೆ. ಪಕ್ಕದಲ್ಲಿ ಡಕ್ಕೆ, ತಾಳ, ಸೊಲ್ಲು ಹಿಡಿಯುವ ಹಿಮ್ಮೇಳ. ಮೂರು ನಾಲ್ಕು ಜನ ಕೂತರೆ ಮೇಳ ಸಿದ್ಧ.

◆ ಹುಡುಗನೊಬ್ಬ ನೇರವಾಗಿ ಮುಖ್ಯ ಗಾಯಕನಾಗುವುದಿಲ್ಲ. ಮೊದಲು ಹಿಂದೆ ಕೂತು ಸೊಲ್ಲು ಹಿಡಿಯಬೇಕು. ರಾತ್ರಿಗಟ್ಟಲೆ ಕೇಳಿ ಕೇಳಿಯೇ ಕಥೆ ಬಾಯಿಗೆ ಬರಬೇಕು. ಪುಸ್ತಕವಿಲ್ಲ, ಹಿರಿಯರ ನಾಲಗೆಯೇ ಪಠ್ಯ.

◆ ಈ ಮೇಳಗಳು ಹಾಡುವ ಮಹಾಕಾವ್ಯಗಳ ಒಂದೊಂದು ಭಾಗಕ್ಕೂ 'ಸಾಲು' ಎಂದು ಹೆಸರು. ಸಂಕಮ್ಮನ ಸಾಲು, ಜುಂಜೇಗೌಡನ ಸಾಲು, ಇಕ್ಕೇರಿ ದೇವಮ್ಮನ ಸಾಲು ಮಾದೇಶ್ವರನ ಕಥೆಯವು. ಇಡೀ ಕಾವ್ಯ ಹಾಡಲು ಹಲವು ರಾತ್ರಿ ಬೇಕು.

◆ ಚಿಕ್ಕಲ್ಲೂರಿನ ಸಿದ್ಧಪ್ಪಾಜಿ ಕಾವ್ಯದಲ್ಲಿ ಮೊದಲಿಗೆ ಕೆಂಪಾಚಾರಿ, ಕಮ್ಮಾರರ ಮನೆಯ ಹುಡುಗ. ಮಂಟೇಸ್ವಾಮಿ ಅವನನ್ನು ಶಿಷ್ಯನನ್ನಾಗಿ ಮಾಡಿಕೊಂಡು ಹಲಗೂರಿನ ಪಾಂಚಾಳರಲ್ಲಿಗೆ ಕಬ್ಬಿಣದ ಭಿಕ್ಷೆಗೆ ಕಳಿಸುತ್ತಾನೆ. ಮನೆಮಗ ಗುರುವಿನ ಪಾಲಾಗುವ ಈ ಕಥೆ ಹರಕೆಯ ಮಗುವನ್ನು ನೆನಪಿಸುತ್ತದೆ.

◆ ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಮಲೆ ಮಾದೇಶ್ವರ ಕಾವ್ಯವನ್ನು ಕೆ. ಕೇಶವನ್ ಪ್ರಸಾದ್ ಬರೆದಿಟ್ಟರು. ಸಿ.ಎನ್. ರಾಮಚಂದ್ರನ್ ಮತ್ತು ಎಲ್.ಎನ್. ಭಟ್ ಅದನ್ನು ಇಂಗ್ಲಿಷಿಗೆ ತಂದರು. 2001ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಕಟಿಸಿತು.

◆ ದೇವರ ಮುಂದೆ ಹಾಡುತ್ತಲೇ ಹಾಡುಗಾರನಾಗುವ ಇಂಥದೇ ದಾರಿಯೊಂದು ದೂರದ ಅಮೆರಿಕದಲ್ಲೂ ಇದೆ. 1931ರಲ್ಲಿ ಹುಟ್ಟಿದ ಗಾಯಕ ಸ್ಯಾಮ್ ಕುಕ್ ಪಾದ್ರಿಯ ಮಗ. ಚಿಕ್ಕಂದಿನಲ್ಲೇ ಒಡಹುಟ್ಟಿದವರ ಜತೆ ಚರ್ಚಿನಲ್ಲಿ ಹಾಡಿದ. 1950ರಲ್ಲಿ, 19ನೇ ವಯಸ್ಸಿಗೆ, 'ಸೋಲ್ ಸ್ಟಿರರ್ಸ್' ಎಂಬ ಹೆಸರಾಂತ ಗಾಸ್ಪೆಲ್ (ಕ್ರೈಸ್ತ ಭಕ್ತಿಗೀತೆ) ಮೇಳದ ಮುಖ್ಯ ಗಾಯಕನಾದ. ಅಲ್ಲಿ ಇಂಥ ಮೇಳಕ್ಕೆ 'ಕ್ವಾರ್ಟೆಟ್' ಎನ್ನುತ್ತಾರೆ, ಅಂದರೆ ನಾಲ್ವರ ತಂಡ. ಐದಾರು ಜನರಿದ್ದರೂ ಹೆಸರು ಅದೇ!

◆ ನಮ್ಮಲ್ಲಿ ಜನಪದ ಗಾಯಕ ಮಳವಳ್ಳಿ ಮಹದೇವಸ್ವಾಮಿಯವರ ದನಿ ಕ್ಯಾಸೆಟ್ಟುಗಳ ಮೂಲಕ ಮಾದಪ್ಪ, ಮಂಟೇಸ್ವಾಮಿಯರ ಕಥೆಗಳನ್ನು ಮನೆಮನೆಗೆ, ಚಹಾದಂಗಡಿಗೆ, ಬಸ್ಸಿನೊಳಕ್ಕೆ ತಲುಪಿಸಿತು. ಕಲಾವಿದ ಕಂಸಾಳೆ ಮಹದೇವಯ್ಯನವರ ಹೆಸರಿನ ಜತೆ ವಾದ್ಯದ ಹೆಸರೇ ಸೇರಿಕೊಂಡಿತು.

◆ ಟಿ.ಎಸ್. ನಾಗಾಭರಣ ನಿರ್ದೇಶಿಸಿದ 'ಜನುಮದ ಜೋಡಿ' (1996) ಚಿತ್ರದಲ್ಲಿ ಮಾದಪ್ಪನ ಮೇಲಿನ 'ಕೋಲುಮಂಡೆ' ಹಾಡಿಗೆ ಗಾಯಕ ಎಲ್.ಎನ್. ಶಾಸ್ತ್ರಿ ಅವರಿಗೆ ರಾಜ್ಯ ಪ್ರಶಸ್ತಿ ಬಂತು. ಜೋಳಿಗೆಯವರ ಪದ ನಾಡಿನ ಪದವಾಯಿತು.

◆ ಈ ಸೀಮೆಯಲ್ಲಿ ತಂಬೂರಿಯವರನ್ನು ಕರೆಸಿ 'ಕಥೆ ಮಾಡಿಸುವುದು' ಹರಕೆಗೂ ಉಂಟು, ತಿಥಿಗೂ ಉಂಟು. ಸತ್ತವರ ಮನೆಯಲ್ಲಿ ರಾತ್ರಿಯಿಡೀ ಕಥೆ ನಡೆದರೆ ದುಃಖ ಹೊತ್ತವರ ಜತೆ ಊರೇ ಎಚ್ಚರವಿದ್ದ ಹಾಗೆ.

ಇಂದು ಉತ್ಸವದ ವೇದಿಕೆಗಳಲ್ಲಿ ಈ ಮೇಳಗಳಿಗೆ ಹಾರ ಸಿಗುತ್ತದೆ, ಸಮಯ ಸಿಗುವುದಿಲ್ಲ. ಒಂದು ರಾತ್ರಿಯ ಸಾಲು ಹತ್ತು ನಿಮಿಷಕ್ಕೆ ಇಳಿದರೆ ಹಿಂದೆ ಕೂತ ಹುಡುಗ ಕಲಿಯುವುದಾದರೂ ಏನನ್ನು? ನಿಮ್ಮೂರಿಗೆ ತಂಬೂರಿಯವರು ಬಂದರೆ ಒಂದು ಸಾಲನ್ನಾದರೂ ಪೂರ್ತಿ ಹಾಡಿಸಿ. ಮುಂದಿನ ಬನದ ಹುಣ್ಣಿಮೆಗೆ ಚಿಕ್ಕಲ್ಲೂರಿಗೆ ಹೋಗಿ ಬನ್ನಿ. ಮನೆಯ ಮಕ್ಕಳನ್ನೂ ಕರೆದುಕೊಂಡು ಹೋಗಿ.