ಕುಣಿಗಲ್ಲಿನ ಕಲ್ಲಿನ ಪುಡಿ, ದಕ್ಷಿಣ ಗಂಗೋತ್ರಿಯ ಹಿಮ

ಹೋದ ಬೇಸಿಗೆಯಲ್ಲಿ ಕುಣಿಗಲ್ ಹತ್ತಿರ ತಂಗಿಯ ತೋಟದಲ್ಲಿ ಬೋರ್ ಕೊರೆಸಿದರು. ಆರುನೂರು ಅಡಿ ದಾಟಿದರೂ ನೀರಿಲ್ಲ, ಬಂದದ್ದೆಲ್ಲ ಬೂದು ಪುಡಿ. ತೆಂಗಿನ ಗರಿ, ಬಾಳೆ ಎಲೆ, ನಮ್ಮ ತಲೆಗೂದಲು, ಎಲ್ಲದರ ಮೇಲೂ ಕೂತಿತ್ತು. ಪಿಯುಸಿ ಓದುವ ತಂಗಿಯ ಮಗ ಒಂದು ಹಿಡಿ ಎತ್ತಿಕೊಂಡು, "ಇಷ್ಟು ದುಡ್ಡು ಸುರಿದು ಬರೀ ಕಲ್ಲು ತೆಗೆದಂಗಾಯ್ತಲ್ಲ ಮಾವ" ಅಂದ. ಮೂವತ್ತು ವರ್ಷ ತುಮಕೂರಿನಲ್ಲಿ ಭೌತಶಾಸ್ತ್ರ ಪಾಠ ಹೇಳಿದವನು ನಾನು. ಸುಮ್ಮನಿರಲಾಗಲಿಲ್ಲ.

ನಮ್ಮ ಸೀಮೆಯ ಕಲ್ಲು ಬಹಳ ಹಳೆಯದು. ದೇವರಾಯನದುರ್ಗ, ಮಧುಗಿರಿ ಬೆಟ್ಟಗಳ ಗ್ರಾನೈಟಿಗೆ ಸುಮಾರು 250 ಕೋಟಿ ವರ್ಷ. ಇಂಥ ಕಲ್ಲು ಒಂದು ಟನ್ ತೆಗೆದುಕೊಂಡರೆ ಸಾಮಾನ್ಯವಾಗಿ ಕೆಲವು ಗ್ರಾಂ ಯುರೇನಿಯಂ ಇರುತ್ತದೆ. ಅದು ನಿಧಾನವಾಗಿ ಒಡೆಯುತ್ತ ರೇಡಿಯಂ ಆಗಿ, ರೇಡಿಯಂ ಒಡೆದು ರೇಡಾನ್ ಆಗುತ್ತದೆ. ರೇಡಾನ್ ಅನಿಲ, ಬಣ್ಣವಿಲ್ಲ, ವಾಸನೆಯಿಲ್ಲ. ಸಂದು ಸಿಕ್ಕಲ್ಲಿ ಮೇಲೆದ್ದು ಗಾಳಿ ಸೇರುತ್ತದೆ, ಗುಬ್ಬಿಯ ನಮ್ಮ ಹಳೇ ಮನೆಯ ಹಿತ್ತಲಿನಿಂದಲೂ. ಅದರ ಅರ್ಧಾಯುಷ್ಯ 3.8 ದಿನ. ಸೋಮವಾರ ನೂರು ಪರಮಾಣು ಇದ್ದರೆ ಶುಕ್ರವಾರದ ಹೊತ್ತಿಗೆ ಐವತ್ತು. ಒಡೆದದ್ದು ಹಲವು ಮೆಟ್ಟಿಲು ಇಳಿದು ಸೀಸ-210 ಆಗುತ್ತದೆ. ಇದು ಲೋಹ. ಧೂಳಿನ ಕಣಕ್ಕೆ ಅಂಟಿ ಮಳೆಯೊಂದಿಗೋ ಹಿಮದೊಂದಿಗೋ ಕೆಳಗೆ ಬೀಳುತ್ತದೆ. ಇದರ ಅರ್ಧಾಯುಷ್ಯ 22 ವರ್ಷ.

ಈ ಸೀಸ ಅಂಟಾರ್ಕ್ಟಿಕಾದವರೆಗೂ ಹೋಗುತ್ತದೆ. ಅಲ್ಲಿನ ನೆಲ ಮಂಜುಗಡ್ಡೆಯಡಿ ಹೂತಿದೆ, ಸಮುದ್ರ ಬಿಡುವ ರೇಡಾನ್ ಅತ್ಯಲ್ಪ. ಹಾಗಾಗಿ ಅಲ್ಲಿನ ಹಿಮದಲ್ಲಿ ಸಿಗುವ ಸೀಸ-210 ಬಹುಪಾಲು ದೂರದ ಖಂಡಗಳಿಂದ ಗಾಳಿಯಲ್ಲಿ ಹೋದದ್ದು. ಗುಬ್ಬಿಯ ರೇಡಾನೇ ಹೋಯಿತು ಎನ್ನಲಾರೆ. ಆಫ್ರಿಕಾ, ದಕ್ಷಿಣ ಅಮೆರಿಕ, ಆಸ್ಟ್ರೇಲಿಯಾ ಅದಕ್ಕೆ ಹತ್ತಿರ. ಆದರೆ ಕಲ್ಲಿನ ಗುಣ ಎಲ್ಲಿದ್ದರೂ ಅದೇ.

ಅಂಟಾರ್ಕ್ಟಿಕಾದಲ್ಲಿ ನಮ್ಮ ದೇಶದ ಮೊದಲ ನಿಲ್ದಾಣ 1983-84ರಲ್ಲಿ ಕಟ್ಟಿದ ದಕ್ಷಿಣ ಗಂಗೋತ್ರಿ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ವಿ.ಎನ್. ನಿಜಾಂಪುರ್ಕರ್ ಮತ್ತು ಡಿ.ಕೆ. ರಾವ್ ಅಲ್ಲಿನ ಹಿಮದಲ್ಲಿ ಸೀಸ-210, ಬೆರಿಲಿಯಂ-7, ಸಿಲಿಕಾನ್-32 ಅಳೆದರು. ಕೊನೆಯ ಎರಡು ಆಕಾಶದ ಮಕ್ಕಳು. ವಿಶ್ವಕಿರಣಗಳು ಮೇಲಿನ ಗಾಳಿಗೆ ಬಡಿದಾಗ ಹುಟ್ಟುತ್ತವೆ. ಬೆರಿಲಿಯಂ-7ರ ಅರ್ಧಾಯುಷ್ಯ 53 ದಿನ ಮಾತ್ರ. ಅದು ಚೆನ್ನಾಗಿ ಸಿಕ್ಕರೆ ಹಿಮ ಹೊಸದು.

ಅಳೆಯುವ ಕೆಲಸಕ್ಕೆ ತಾಳ್ಮೆ ಬೇಕು. ಹಿಮವನ್ನು ಕಿಲೋಗಟ್ಟಲೆ ಕರಗಿಸಿ, ಆಮ್ಲ ಮತ್ತು ಚೂರು ಕಬ್ಬಿಣದ ಲವಣ ಹಾಕಿ, ಆಮೇಲೆ ಅಮೋನಿಯಾ ಬಿಡುವುದು ಒಂದು ವಿಧಾನ. ತುಕ್ಕಿನ ಬಣ್ಣದ ಗಸಿ ತಳ ಸೇರುತ್ತದೆ, ಸೀಸ ಬೆರಿಲಿಯಂಗಳನ್ನೂ ಜೊತೆಗೆ ಎಳೆದುಕೊಂಡು. ಅದನ್ನು ಸೋಸಿ, ಒಣಗಿಸಿ, ದಪ್ಪ ಸೀಸದ ಗೂಡಿನೊಳಗೆ ಶೋಧಕದ ಮುಂದಿಟ್ಟು ದಿನಗಟ್ಟಲೆ ಎಣಿಸಬೇಕು. ಗೂಡಿನ ಸೀಸದಲ್ಲೇ ಸೀಸ-210 ಇದ್ದರೆ ಲೆಕ್ಕ ಕೆಡುತ್ತದೆ. ಅದಕ್ಕೇ ಮುಳುಗಿದ ಹಡಗುಗಳ ಹಳೇ ಸೀಸಕ್ಕೆ ಅಷ್ಟು ಬೆಲೆ: ಇನ್ನೂರು ವರ್ಷದಲ್ಲಿ ಸೀಸ-210 ಐನೂರರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ.

ಹಿಮದ ಪದರಗಳಲ್ಲಿ ಆಳಕ್ಕೆ ಹೋದಂತೆ ಸೀಸ-210 ಕಡಿಮೆ. ಮೇಲಿನದರ ಅರ್ಧಕ್ಕೆ ಇಳಿದ ಜಾಗ ಸಿಕ್ಕಿತೆಂದರೆ ಅದು 22 ವರ್ಷದ ಹಿಂದಿನ ಹಿಮ. ವರ್ಷಕ್ಕೆ ಎಷ್ಟು ಬಿದ್ದಿತೆಂಬ ಲೆಕ್ಕ ಅಲ್ಲಿಂದ ಬರುತ್ತದೆ. ಹುಡುಗ ಥಟ್ಟನೆ, "ತೆಂಗಿನ ಬೊಡ್ಡೆ ಮೇಲೆ ಗರಿ ಬಿದ್ದ ಗುರುತು ಎಣಿಸಿ ಮರದ ವಯಸ್ಸು ಹೇಳ್ದಂಗೆ, ಅಲ್ವಾ ಮಾವ?" ಅಂದ. ಇಷ್ಟು ವರ್ಷ ಪಾಠ ಹೇಳಿದ ನನಗೆ ಈ ಹೋಲಿಕೆ ಹೊಳೆದಿರಲಿಲ್ಲ.

ಸಂಜೆ ಹೊತ್ತಿಗೆ ನೀರು ಬಂತು. ತಂಗಿ ಅರಿಶಿನ ಕುಂಕುಮ ಹಾಕಿ ಕೈಮುಗಿದಳು. ನನಗೆ ಕಲ್ಲಿನ ಯುರೇನಿಯಂ ನೆನಪು. ಹೊಸ ನೀರಿನ ರೇಡಾನ್ ತೆರೆದಿಟ್ಟರೆ ಬಹಳಷ್ಟು ಹಾರಿಹೋಗುತ್ತದೆ, ಯುರೇನಿಯಂ ಕುದಿಸಿದರೂ ಹೋಗದು. ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚಾ ಕೇಂದ್ರದ ವಿಜ್ಞಾನಿಗಳು ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲ ಪರೀಕ್ಷಿಸಿ, 57ರಲ್ಲಿ ಅದು ಲೀಟರಿಗೆ 30 ಮೈಕ್ರೊಗ್ರಾಂ ಮೀರಿದೆ ಎಂದು 2021ರಲ್ಲಿ ಪ್ರಕಟಿಸಿದರು. 30 ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಧ್ರುವದ ಹಿಮದಲ್ಲಿ ಪರಮಾಣು ಎಣಿಸಬಲ್ಲ ದೇಶಕ್ಕೆ ಹಳ್ಳಿಯ ಬೋರ್ ನೀರು ಅಳೆಯುವುದು ಕಷ್ಟವಲ್ಲ. ಮುಂದಿನ ಗ್ರಾಮಸಭೆಯಲ್ಲಿ ಫ್ಲೋರೈಡ್ ಜೊತೆ ಯುರೇನಿಯಂ ಪರೀಕ್ಷೆಯನ್ನೂ ಮಾಡಿಸಿ ಎಂದು ಅರ್ಜಿ ಬರೆದುಕೊಡಿ.